ಆಷಾಢದಲ್ಲಿ ಸರಿ, ಶ್ರಾವಣದಲ್ಲಿ ಕೈಕೊಟ್ಟ ಕಂಟ್ರೋಲರ್: ಒಂದೂವರೆ ವರ್ಷದ ಬಳಕೆ

ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟುವವನಿಗೆ ರಾತ್ರಿ ಆಟಕ್ಕೂ ಅದನ್ನೇ ಮುಟ್ಟಲು ಮನಸ್ಸು ಬರುವುದಿಲ್ಲ. ನನ್ನದು ಮಂಡ್ಯದಲ್ಲಿ, ಗುತ್ತಲು ರಸ್ತೆ ಕಡೆ, ಒಂದು ಡಿಟಿಪಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು. ‘ಸುಖಾಗಮನ ಬಯಸುವವರು’ ಅಂತ ಹಾಕಿ ಅದರ ಕೆಳಗೆ ನಲವತ್ತು ಹೆಸರು ಟೈಪ್ ಮಾಡಬೇಕು. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂತು ಅಂತ ಮತ್ತೆ ತಿದ್ದಬೇಕು. ಸಂಜೆ ಹೊತ್ತಿಗೆ ಬೆರಳ ಗೆಣ್ಣೆಲ್ಲ ನೋವು. ಕಂಪ್ಯೂಟರಿನ ಆಟಗಳನ್ನು ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೈಗೆ ಬಂದಿದ್ದು ಹೀಗೆ. ಹೆಬ್ಬೆರಳು ಸ್ಟಿಕ್ ಮೇಲೆ, ತೋರುಬೆರಳು ಟ್ರಿಗರ್ ಮೇಲೆ, ಮಣಿಕಟ್ಟು ತೊಡೆಯ ಮೇಲೆ ಆರಾಮಾಗಿ.

ಈಗ ಬಳಸುತ್ತಿರುವುದನ್ನು 2024ರ ಜುಲೈನಲ್ಲಿ 2,900 ರೂಪಾಯಿ ಕೊಟ್ಟು ತಂದೆ. ಕಂಪನಿ ಹೆಸರು ಬರೆಯುವುದಿಲ್ಲ. ನನಗೆ ಆದ ತೊಂದರೆ ಡಾಂಗಲ್ (ವೈರಿಲ್ಲದ ಕಂಟ್ರೋಲರಿನ ಸಿಗ್ನಲ್ ಹಿಡಿಯಲು ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಸಣ್ಣ ತುಂಡು) ಇರುವ ಯಾವ ಕಂಟ್ರೋಲರಿಗೂ ಆಗಬಹುದು. ಕಂಪ್ಯೂಟರಿಗೆ ಕಂಟ್ರೋಲರ್ ಹುಡುಕುತ್ತಿರುವ ಎಲ್ಲರಿಗೂ ಅದು ಗೊತ್ತಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಇಲ್ಲೇ ಮಂಡ್ಯದಲ್ಲಿ 850 ರೂಪಾಯಿಗೆ ಒಂದು ವೈರಿನ ಕಂಟ್ರೋಲರ್ ತಗೊಂಡಿದ್ದೆ. ನೋಡಲು ಚೆನ್ನಾಗಿತ್ತು. ಕಾರಿನ ಆಟ ಹಾಕಿದ ಮೇಲೆ ಗೊತ್ತಾಯಿತು, ಅದರ ಟ್ರಿಗರ್ ಬರೀ ಸ್ವಿಚ್ಚು. ಒತ್ತಿದರೆ ಪೂರ್ತಿ ಆಕ್ಸಿಲರೇಟರ್, ಬಿಟ್ಟರೆ ಸೊನ್ನೆ. ತಿರುವಿನಲ್ಲಿ ಅರ್ಧ ಒತ್ತಿ ಸಂಭಾಳಿಸೋಣ ಅಂದರೆ ಅರ್ಧ ಅನ್ನುವುದೇ ಇಲ್ಲ. ಕೆಲವು ಆಟಗಳು ಅದನ್ನು ಗುರುತೇ ಹಿಡಿಯಲಿಲ್ಲ. ಹಿಡಿದವುಗಳಲ್ಲೂ ಎ, ಬಿ ಅನ್ನುವ ಬದಲು ಬಟನ್ 1, ಬಟನ್ 2 ಅಂತ ತೋರಿಸುತ್ತಿತ್ತು. ಕಾರಣ, ಕಂಟ್ರೋಲರ್ ವಿಂಡೋಸಿನ ಜೊತೆ ಮಾತಾಡುವ ಹಳೆಯ ರೀತಿ ಡೈರೆಕ್ಟ್‌ಇನ್‌ಪುಟ್, ಅದು ಅದರಲ್ಲಿ ಮಾತ್ರ ಕೆಲಸ ಮಾಡುವಂಥದ್ದು. 2005ರಲ್ಲಿ ಮೈಕ್ರೋಸಾಫ್ಟಿನ ಆಟದ ಯಂತ್ರ ಎಕ್ಸ್‌ಬಾಕ್ಸ್ 360 ಬಂದಾಗಿನಿಂದ ವಿಂಡೋಸಿನಲ್ಲಿ ಎಕ್ಸ್‌ಇನ್‌ಪುಟ್ ಅನ್ನುವ ರೀತಿ ಇದೆ. ಈಚಿನ ಹೆಚ್ಚಿನ ಆಟಗಳು ಅದನ್ನೇ ಕೇಳುತ್ತವೆ. ಪೆಟ್ಟಿಗೆಯ ಮೇಲೆ ‘ಪಿಸಿಗೆ ಆಗುತ್ತದೆ’ ಅಂತ ಇದ್ದರೆ ಸಾಲದು, ಎಕ್ಸ್‌ಇನ್‌ಪುಟ್ ಇದೆಯಾ ಅಂತ ಕೇಳಿ. ಇದೊಂದು ಪ್ರಶ್ನೆ ಕೇಳಿದ್ದರೆ ನನ್ನ 850 ರೂಪಾಯಿ ಉಳಿಯುತ್ತಿತ್ತು.

ವರ್ಷ ತುಂಬುವ ಮೊದಲೇ ಅದರ ಎಡ ಸ್ಟಿಕ್ಕೂ ಹೋಯಿತು. ಬೇಸಿಗೆ ರಜೆಗೆ ಮೈಸೂರಿನಿಂದ ಬಂದಿದ್ದ ಅಕ್ಕನ ಮಗ ಫುಟ್‌ಬಾಲ್ ಆಡುತ್ತಾ ಕೂಗಿದ, “ಮಾಮ, ನಾನ್ ಮುಟ್ಟೇ ಇಲ್ಲ, ಇವ್ನು ತಾನೇ ಎಡಕ್ಕೆ ಹೋಗ್ತಾವ್ನೆ!” ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಮಾಮೂಲಿ ಸ್ಟಿಕ್ಕಿನ ಒಳಗೆ ಇಂಗಾಲದ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಲೋಹದ ಸಣ್ಣ ನಾಲಿಗೆ ಉಜ್ಜುತ್ತಾ ಇರುತ್ತದೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಸ್ಟಿಕ್ ನಡುವೆ ನಿಂತಿದ್ದರೂ ಪಕ್ಕಕ್ಕೆ ವಾಲಿದ ಹಾಗೆ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಹಾಲ್ ಎಫೆಕ್ಟ್ ಸ್ಟಿಕ್ಕಿನಲ್ಲಿ ಈ ಉಜ್ಜಾಟವಿಲ್ಲ. ಸ್ಟಿಕ್ಕಿನ ಬುಡದಲ್ಲಿ ಆಯಸ್ಕಾಂತ ಇರುತ್ತದೆ, ಅದು ಎತ್ತ ವಾಲಿತು ಅನ್ನುವುದನ್ನು ಪಕ್ಕದ ಸೆನ್ಸರ್ ಮುಟ್ಟದೇ ತಿಳಿಯುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ವಿಷಯವಿದು. 1998ರ ಸೆಗಾ ಡ್ರೀಮ್‌ಕಾಸ್ಟ್ ಅನ್ನುವ ಆಟದ ಯಂತ್ರದ ಕಂಟ್ರೋಲರಿನಲ್ಲಿ ಆಗಲೇ ಇತ್ತು.

ಹಾಗಾಗಿ ನನ್ನ ಬೇಡಿಕೆ ಮೂರೇ. ಎಕ್ಸ್‌ಇನ್‌ಪುಟ್ ಬೇಕು, ಹಾಲ್ ಸ್ಟಿಕ್ ಬೇಕು, ವೈರ್ ಬೇಡ. ನಾನು ಕೂರುವ ಕುರ್ಚಿ ಕಂಪ್ಯೂಟರಿನಿಂದ ಏಳೆಂಟು ಅಡಿ ದೂರ. ಮಧ್ಯೆ ವೈರ್ ಎಳೆದರೆ ರಾತ್ರಿ ನೀರು ಕುಡಿಯಲು ಎದ್ದು ಬರುವ ಅಮ್ಮ ಎಡವುತ್ತಾರೆ. ಎಕ್ಸ್‌ಬಾಕ್ಸಿನ ಅಸಲಿ ಕಂಟ್ರೋಲರ್ ವಿಂಡೋಸಿಗೆ ಹೇಳಿ ಮಾಡಿಸಿದ ಹಾಗಿದೆ, ಆದರೆ ಎರಡು ಪೆನ್ಸಿಲ್ ಸೆಲ್ ಬೇಡುತ್ತದೆ. ಪ್ಲೇಸ್ಟೇಷನ್ 5ರದ್ದು ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಪಿಸಿ ಆಟ ಕೊಂಡು ಆಡುವ ಸ್ಟೀಮ್ ಆ್ಯಪ್‌ನಲ್ಲಿ ಸಲೀಸಾಗಿ ನಡೆಯುತ್ತದೆ. ಆದರೆ ಬೆರಳಿಗೆ ಎದುರು ಬಲ ಕೊಡುವ ಅದರ ಟ್ರಿಗರ್ ಪಿಸಿಯಲ್ಲಿ ಕೆಲವೇ ಆಟಗಳಲ್ಲಿ, ಅದೂ ಹೆಚ್ಚಾಗಿ ಕೇಬಲ್ ಹಾಕಿದಾಗ ಕೆಲಸ ಮಾಡುತ್ತದೆ. ಎರಡೂ ನನ್ನ 3,000ದ ಲೆಕ್ಕದೊಳಗೆ ಬರಲಿಲ್ಲ.

ಈ ಸಲ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿ ಮೈಸೂರಿಗೆ ಹೋದೆ. ದೇವರಾಜ ಅರಸು ರಸ್ತೆ ಹತ್ತಿರದ ಒಂದು ಅಂಗಡಿ. ಕೌಂಟರಿನ ಮೇಲೇ ಸಿಕ್ಕಿಸಿ ನೋಡಿದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜೆ-ಓ-ವೈ, ಚುಕ್ಕಿ, ಸಿ-ಪಿ-ಎಲ್ ಅಂತ ಟೈಪ್ ಮಾಡಿದರೆ ಕಂಟ್ರೋಲರುಗಳ ಪಟ್ಟಿ ಬರುತ್ತದೆ. ಅದರಲ್ಲಿ ಪ್ರಾಪರ್ಟೀಸ್ ಒತ್ತಬೇಕು. ಸ್ಟಿಕ್ ಬಿಟ್ಟಾಗ ಕೂಡುಗೆರೆ, ಅಂದರೆ ಪರದೆಯ ಪ್ಲಸ್ ಗುರುತು, ನಡುವಿಗೆ ಬಂದು ನಿಲ್ಲಬೇಕು, ಟ್ರಿಗರ್ ಮೆಲ್ಲಗೆ ಒತ್ತಿದರೆ ಪಟ್ಟಿ ಮೆಲ್ಲಗೆ ಸರಿಯಬೇಕು. ಎರಡೂ ಆಯಿತು. ಅಂಗಡಿಯ ಹುಡುಗ ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ಮೂರು ತೆಗೆದು ತೋರಿಸಿದ. ಬಿಳಿ ಬಣ್ಣದ್ದು ತಗೊಂಡೆ.

ಅದು ಆಷಾಢ. ನಮ್ಮ ಕಡೆ ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಪತ್ರಿಕೆ ಬರೆಸಲು ಬರುವವರೂ ಕಡಿಮೆ. ಕೆಲಸ ಕಡಿಮೆ, ಆಟ ಜಾಸ್ತಿ. ಒಂಬತ್ತೂವರೆಗೆ ಷಟರ್ ಎಳೆದು, ಊಟ ಮುಗಿಸಿ, ಕೈಯನ್ನು ಸೋಪು ಹಾಕಿ ತೊಳೆಯುತ್ತೇನೆ. ಪತ್ರಿಕೆಯ ಮೊದಲ ಕಟ್ಟು ಕೊಡುವಾಗ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಡುವುದು ನನ್ನ ರೂಢಿ. ಉಗುರಿನ ಸಂದಿಯಲ್ಲಿ ಹಳದಿ ಉಳಿದುಬಿಡುತ್ತದೆ. ಒಂದು ದಿನ ಮರೆತು ಹಾಗೇ ಹಿಡಿದೆ. ಬಲಗಡೆ ಹಿಡಿಕೆಯ ಕೆಳಗೆ ಹೆಬ್ಬೆರಳಿನ ಹಳದಿ ಗುರುತು ಇನ್ನೂ ಇದೆ, ಏನು ಮಾಡಿದರೂ ಹೋಗಿಲ್ಲ. ಆಡಿ ಮುಗಿದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸ್ಟಿಕ್ಕಿನ ಸುತ್ತ ಒರೆಸಿ, ಚಾರ್ಜಿಗೆ ಹಾಕಿ, ಮೇಲೆ ಒಂದು ಪ್ಲಾಸ್ಟಿಕ್ ಕವರ್ ಮುಚ್ಚುತ್ತೇನೆ. ಕಬ್ಬಿನ ಲಾರಿ ಓಡಾಡುವ ದಿನಗಳಲ್ಲಿ ಕೋಣೆಗೆ ಧೂಳು ವಿಪರೀತ.

ಆ ಒಂದು ತಿಂಗಳು ಎಷ್ಟು ಖುಷಿಯಾಗಿ ಆಡಿದೆ ಅಂದರೆ, ಕಂಡವರಿಗೆಲ್ಲ ಇದನ್ನೇ ತಗೊಳ್ಳಿ ಅಂತ ಹೇಳಿದೆ. ರಸ್ತೆ ಬಿಟ್ಟು ಮಣ್ಣಿಗೆ ಚಕ್ರ ಇಳಿದರೆ ಎಡ ಅಂಗೈಯಲ್ಲಿ ಗಡಗಡ ಅನ್ನುತ್ತದೆ. ಸಣ್ಣ ಅದುರಾದರೆ ಬಲಗಡೆ. ಎಡಗಡೆ ಮೋಟಾರಿಗೆ ಕಟ್ಟಿದ ತೂಕ ಜಾಸ್ತಿ, ಬಲಗಡೆಯದಕ್ಕೆ ಕಡಿಮೆ, ಅದಕ್ಕೇ ಈ ವ್ಯತ್ಯಾಸ.

ಶ್ರಾವಣ ಬಂತು, ಕೈಕೊಡಲು ಶುರುವಾಯಿತು. ತಿರುವಿನಲ್ಲಿ ಎಡಕ್ಕೆ ಎಳೆದಿರುತ್ತೇನೆ, ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿಯುತ್ತದೆ. ಅರ್ಧ ಸೆಕೆಂಡ್ ಬಿಟ್ಟು, ಆಗ ಎಡಕ್ಕೆ ತಿರುಗುತ್ತದೆ. ಅಂಗೈಯ ಅದುರು ನಡುವೆ ನಿಂತು, ಮತ್ತೆ ಬರುತ್ತದೆ. ಒಂದು ರಾತ್ರಿ ಹತ್ತು ಸಲ, ಇನ್ನೊಂದು ರಾತ್ರಿ ಒಂದು ಸಲವೂ ಇಲ್ಲ. ಬ್ಯಾಟರಿ ಇರಬೇಕು ಅಂತ ಪೂರ್ತಿ ಚಾರ್ಜ್ ಮಾಡಿದೆ. ಪಕ್ಕದ ಮನೆಯ ವೈಫೈ ಇರಬೇಕು ಅಂದುಕೊಂಡೆ. ಕೇಬಲ್ ಹಾಕಿ ಕಂಪ್ಯೂಟರ್ ಪಕ್ಕದಲ್ಲೇ ಕೂತು ಆಡಿದರೆ ಏನೂ ತೊಂದರೆ ಇಲ್ಲ. ಹಾಗಾದರೆ ಡಾಂಗಲ್ಲೇ ಕೆಟ್ಟಿದೆ ಅಂತ ಮತ್ತೆ ಮೈಸೂರಿಗೆ ಹೋದೆ. ಅಂಗಡಿಯಲ್ಲಿ ಸಿಕ್ಕಿಸಿದರೆ ಚೆನ್ನಾಗೇ ಓಡಿತು. ಆದರೂ ಪಾಪ, ಬದಲಿಸಿ ಕೊಟ್ಟರು. ಹೊಸದೂ ಮನೆಗೆ ಬಂದು ಹಾಗೇ ಮಾಡಿತು. ಕಂಪನಿಗೆ ಮೇಲ್ ಬರೆದೆ. ಡ್ರೈವರ್ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಅಂತ ಉತ್ತರ ಬಂತು. ಮಾಡಿದೆ. ಮತ್ತೆ ಬರೆದರೆ ಅದೇ ಎರಡು ಸಾಲು. ಆಗ ನಿಜಕ್ಕೂ ಸಿಟ್ಟು ಬಂತು. 2,900 ರೂಪಾಯಿ ಅಂದರೆ ನನಗೆ ಎಷ್ಟು ಪತ್ರಿಕೆಯ ದುಡಿಮೆ ಅಂತ ಅವರಿಗೇನು ಗೊತ್ತು?

ಪಿತೃಪಕ್ಷದಲ್ಲಿ ತಾನಾಗೇ ಸರಿಹೋಯಿತು. ದಸರಾಗೆ ಕುವೆಂಪುನಗರದ ಅಕ್ಕನ ಮನೆಗೆ ಒಯ್ದೆ, ಹುಡುಗನ ಕಂಪ್ಯೂಟರಿನಲ್ಲಿ ಮೂರು ದಿನ ಆಡಿದೆವು. ಒಂದು ಸಲವೂ ತಪ್ಪಲಿಲ್ಲ. “ಮಾಮ, ಚೆನ್ನಾಗೇ ಇದೆಯಲ್ಲ, ಯಾಕೆ ಬೈತೀರಾ ಇದನ್ನ?” ಅಂದ. ಮಂಡ್ಯಕ್ಕೆ ಬಂದೆ, ಕಾರ್ತಿಕ ಶುರುವಾಯಿತು, ಮತ್ತೆ ಅದೇ ಕಥೆ.

ಗುಟ್ಟು ಬಯಲಾದದ್ದು ರಾಜ್ಯೋತ್ಸವದ ಫ್ಲೆಕ್ಸುಗಳ ಭರಾಟೆಯಲ್ಲಿ. ಫೋಟೋ ತುಂಬಿದ ದೊಡ್ಡ ದೊಡ್ಡ ಫೈಲುಗಳು. ಒಂದು ರಾತ್ರಿ ಕಾರು ಮಾತೇ ಕೇಳುತ್ತಿಲ್ಲ. ಬೇಸತ್ತು ಕಂಟ್ರೋಲರ್ ಮಡಿಲಲ್ಲಿಟ್ಟು ಸುಮ್ನೆ ಕೂತೆ. ಮೇಜಿನ ಹಿಂದೆ ಹಾರ್ಡ್ ಡಿಸ್ಕಿನ ಸಣ್ಣ ದೀಪ ಪಟಪಟ ಮಿನುಗುತ್ತಿತ್ತು. ದಿನದ ಕೆಲಸವೆಲ್ಲ ರಾತ್ರಿ ಹತ್ತಕ್ಕೆ ಹೊರಗಿನ ಹಾರ್ಡ್ ಡಿಸ್ಕಿಗೆ ತಾನೇ ಕಾಪಿ ಆಗುವ ಹಾಗೆ ಇಟ್ಟಿದ್ದೇನೆ. ದೀಪ ನಿಂತಿತು. ಕಂಟ್ರೋಲರ್ ಎತ್ತಿಕೊಂಡೆ. ಕಾರು ಬೆಣ್ಣೆಯ ಹಾಗೆ ತಿರುಗಿತು. ಎದ್ದು ಹೋಗಿ ಕೈಯಾರೆ ಒಂದು ದೊಡ್ಡ ಫೋಲ್ಡರ್ ಕಾಪಿಗೆ ಹಾಕಿ ಬಂದೆ. ತಪ್ಪಿತು. ನಿಲ್ಲಿಸಿದೆ, ಸರಿಹೋಯಿತು. ಮೂರು ಸಲ ಹೀಗೇ ಮಾಡಿದೆ, ಮೂರು ಸಲವೂ ಅದೇ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಕೆಲಸ ಇಲ್ಲ, ಕಾಪಿ ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ಮದುವೆ ಕಾಲದಲ್ಲಿ, ಹಬ್ಬದ ಕಾಲದಲ್ಲಿ ನಾನು ಆಡುವ ಹೊತ್ತೆಲ್ಲ ನಡೆಯುತ್ತಿತ್ತು!

ಕಂಪ್ಯೂಟರಿನ ಹಿಂದೆ ನೀಲಿ ಬಣ್ಣದ ಎರಡು ಯುಎಸ್‌ಬಿ ಪೋರ್ಟು ಅಕ್ಕಪಕ್ಕ ಇವೆ. ಒಂದರಲ್ಲಿ ಹಾರ್ಡ್ ಡಿಸ್ಕ್, ಅದಕ್ಕೆ ಅಂಟಿಕೊಂಡಂತೆ ಇನ್ನೊಂದರಲ್ಲಿ ಡಾಂಗಲ್. ನೀಲಿ ಅಂದರೆ ಸಾಮಾನ್ಯವಾಗಿ ಯುಎಸ್‌ಬಿ 3.0. ಅದರಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಓಡುವಾಗ ರೇಡಿಯೋ ಗದ್ದಲವೂ ಹೊರಗೆ ಸೋರುತ್ತದೆ. ಅದು ಬೀಳುವುದು 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ. ಡಾಂಗಲ್ ಕೇಳಿಸಿಕೊಳ್ಳುವುದೂ ಅಲ್ಲೇ. ಜಾತ್ರೆಯಲ್ಲಿ ಸ್ಪೀಕರಿನ ಬಾಯಿಗೆ ಕಿವಿಯಿಟ್ಟು ನಿಂತವನಿಗೆ ಎಂಟು ಅಡಿ ಆಚೆಯಿಂದ ಯಾರೋ ಮೆಲ್ಲಗೆ ಕರೆದರೆ ಕೇಳುತ್ತದೆಯೇ? ಚಿಪ್ ಮಾಡುವ ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ಲೇಖನ ಪ್ರಕಟಿಸಿದೆ. ಬ್ಲೂಟೂತ್ ಕೂಡ 2.4ರಲ್ಲೇ ಇರುವುದರಿಂದ ಅದಕ್ಕೆ ಬದಲಿಸಿದರೂ ಪೂರ್ತಿ ಪಾರಾಗಲು ಆಗುವುದಿಲ್ಲ.

ಪರಿಹಾರಕ್ಕೆ ಆದ ಖರ್ಚು 150 ರೂಪಾಯಿ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದೆ. ಅದನ್ನು ಕಪ್ಪು ಪೋರ್ಟಿಗೆ, ಅಂದರೆ ಯುಎಸ್‌ಬಿ 2.0ಗೆ ಹಾಕಿದೆ. ಇನ್ನೊಂದು ತುದಿಗೆ ಡಾಂಗಲ್ ಸಿಕ್ಕಿಸಿ, ಮೇಜಿನ ಮುಂದಿನ ಅಂಚಿಗೆ ಎರಡೂ ಕಡೆ ಅಂಟುವ ಟೇಪಿನಲ್ಲಿ ಅಂಟಿಸಿದೆ. ಕಪ್ಪು ಪೋರ್ಟಿನ ವೇಗ ಕಂಟ್ರೋಲರಿಗೆ ಧಾರಾಳ. ಅವತ್ತಿನಿಂದ ಇವತ್ತಿನವರೆಗೆ ಎಷ್ಟೇ ದೊಡ್ಡ ಕಾಪಿ ನಡೆಯುತ್ತಿದ್ದರೂ ಒಂದು ಸಲವೂ ತಪ್ಪಿಲ್ಲ.

ಕಂಟ್ರೋಲರ್ ಮೇಲಿನ ಸಿಟ್ಟು ಅಂದೇ ಹೋಯಿತು. ಕಂಪನಿ ಮೇಲಿನದು ಪೂರ್ತಿ ಹೋಗಿಲ್ಲ. ‘ಡಾಂಗಲನ್ನು ಹಾರ್ಡ್ ಡಿಸ್ಕ್ ಪಕ್ಕ ಹಾಕಬೇಡಿ’ ಅನ್ನುವ ಒಂದು ಸಾಲನ್ನು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅಚ್ಚು ಹಾಕಬಹುದಿತ್ತು. ಅಚ್ಚಿನ ಕೆಲಸದವನಾಗಿ ಹೇಳುತ್ತೇನೆ, ಆ ಕಾಗದದಲ್ಲಿ ಜಾಗ ಬೇಕಾದಷ್ಟಿತ್ತು.

ಇನ್ನು ಉಳಿದ ವಿಷಯ. ಒಂದೂವರೆ ವರ್ಷದಲ್ಲಿ ಡ್ರಿಫ್ಟ್ ಅನ್ನುವುದು ಇಲ್ಲವೇ ಇಲ್ಲ. ತಿಂಗಳಿಗೊಮ್ಮೆ ಅದೇ ಪ್ರಾಪರ್ಟೀಸ್ ಪರದೆಯಲ್ಲಿ ನೋಡುತ್ತೇನೆ, ಕೂಡುಗೆರೆ ಅಲುಗಾಡದೆ ನಿಂತಿರುತ್ತದೆ. ಆದರೆ ಎಡ ಸ್ಟಿಕ್ಕಿನ ತಲೆಯ ರಬ್ಬರ್ ಸವೆದು ನುಣುಪಾಗಿದೆ. ಬೇಸಿಗೆಯಲ್ಲಿ ಬೆವರಿದ ಹೆಬ್ಬೆರಳು ಜಾರುತ್ತದೆ. ಆಯಸ್ಕಾಂತ ಸವೆಯುವುದಿಲ್ಲ, ರಬ್ಬರ್ ಸವೆಯುತ್ತದೆ. ದಿಕ್ಕಿನ ಗುಂಡಿ ಮೊದಲಿನಿಂದಲೂ ಮೆತ್ತಗೆ. ಕೆಳಗೆ ಒತ್ತಿದರೆ ಒಮ್ಮೊಮ್ಮೆ ಪಕ್ಕದ್ದೂ ಒತ್ತುತ್ತದೆ. ಹಳೆಯ ಕಾಲದ ಹೊಡೆದಾಟದ ಆಟಗಳನ್ನೇ ಆಡುವವರು ಇದನ್ನು ತಗೊಳ್ಳಬೇಡಿ. ಬಣ್ಣದ ದೀಪ ಇದೆ, ಮೊದಲ ದಿನವೇ ಆರಿಸಿಟ್ಟೆ. ಬ್ಯಾಟರಿ ಎರಡು ರಾತ್ರಿ ಬರುತ್ತದೆ, ನನಗೆ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಕಂಪ್ಯೂಟರೇ ಇರುವುದಿಲ್ಲ, ಆಗ ಬ್ಯಾಟರಿ ಇದ್ದೇನು ಪ್ರಯೋಜನ ಅಲ್ವಾ?

ಬೆರಳಿನ ಗೆಣ್ಣು ನೋವು ಈಗ ಬಹಳ ಕಡಿಮೆ.

ಈ ಬೇಸಿಗೆ ರಜೆಗೆ ಹುಡುಗ ಬರುವ ಮೊದಲು ಇಂಥದ್ದೇ ಇನ್ನೊಂದು ತರಬೇಕು. ಹಳೆಯ 850 ರೂಪಾಯಿಯದ್ದನ್ನು ಅವನ ಕೈಗೆ ಕೊಡಲು ಮನಸ್ಸಿಲ್ಲ. ಅದೇ ಅಂಗಡಿಗೇ ಹೋಗುತ್ತೇನೆ. ಈ ಸಲ ಲ್ಯಾಪ್‌ಟಾಪಿನ ಜೊತೆ ಹಾರ್ಡ್ ಡಿಸ್ಕನ್ನೂ ಬ್ಯಾಗಿಗೆ ಹಾಕಿಕೊಂಡು.