ಆಂಕಿ ಆ್ಯಪ್‌ನಲ್ಲಿ ಇಂಟರ್‌ಮೀಡಿಯೇಟ್ ಇಂಗ್ಲಿಷ್ ಪದಗಳು: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ರಿವ್ಯೂ

ಮೊದ್ಲೇ ಹೇಳಿಬಿಡ್ತೀನಿ, ಆಂಕಿ ಅನ್ನೋದು ಇಂಗ್ಲಿಷ್ ಕಲಿಸೋ ಆ್ಯಪ್ ಅಲ್ಲ. ಅದ್ರಲ್ಲಿ ಪಾಠ ಇಲ್ಲ, ಟೀಚರ್ ಇಲ್ಲ, ಪಾಯಿಂಟ್ಸ್ ಇಲ್ಲ, ಎರಡು ದಿನ ತೆಗೀಲಿಲ್ಲ ಅಂದ್ರೆ ಮುನಿಸ್ಕೊಂಡು ನೋಟಿಫಿಕೇಶನ್ ಕಳಿಸೋ ಡುಯೋಲಿಂಗೋ ಆ್ಯಪ್‌ನ ಹಸಿರು ಗೂಬೇನೂ ಇಲ್ಲ. ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರೋ ಒಂದು ಕಾರ್ಡ್ ನೀವು ಹಾಕಿಟ್ರೆ, ಅದನ್ನ ನೀವು ಮರೆಯೋ ಹೊತ್ತಿಗೆ ಸರಿಯಾಗಿ ತಂದು ಮುಂದೆ ಇಡುತ್ತೆ, ಅಷ್ಟೇ ಅದ್ರ ಕೆಲ್ಸ. ಹಾಗಾಗಿ ಇದು ವೇಸ್ಟ್ ಅಂತ ಡಿಲೀಟ್ ಮಾಡೋರೂ ಸುಳ್ಳು ಹೇಳ್ತಿಲ್ಲ, ಇದ್ರಿಂದಾನೇ ಇಂಗ್ಲಿಷ್ ಬಂತು ಅನ್ನೋರೂ ಸುಳ್ಳು ಹೇಳ್ತಿಲ್ಲ, ಇಬ್ರೂ ಹಾಕ್ಕೊಂಡಿರೋ ಕಾರ್ಡ್ ಬೇರೆ ಬೇರೆ ಇರುತ್ತೆ. ನಾನು ಲಾಕ್‌ಡೌನ್ ಟೈಮಲ್ಲಿ ಶುರು ಮಾಡ್ದೋನು, ಈಗ್ಲೂ ದಿನಾ ಬಳಸ್ತೀನಿ, ಐದಕ್ಕೆ ನಾಲ್ಕು ಸ್ಟಾರ್.

ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ, ಈಗ ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಪರ್ಚೇಸ್ ಸೆಕ್ಷನ್, ಇಷ್ಟು ನನ್ನ ಬಗ್ಗೆ. ದಿನಾ ಮೇಲ್ ಬರೀಬೇಕು, ಪುಣೆ, ಚೆನ್ನೈ ಕಡೆ ಸಪ್ಲೈಯರ್‌ಗಳ ಜೊತೆ ಫೋನಲ್ಲಿ ಮಾತಾಡ್ಬೇಕು. ಇಂಗ್ಲಿಷ್ ಬರಲ್ಲ ಅಂತ ಅಲ್ಲ, ಓದಿದ್ರೆ ಅರ್ಥ ಆಗುತ್ತೆ, ಯಾರಾದ್ರೂ ಮಾತಾಡಿದ್ರೆ ಮುಕ್ಕಾಲು ಭಾಗ ಗೊತ್ತಾಗುತ್ತೆ, ಆದ್ರೆ ಬರೆಯೋಕೆ ಕೂತ್ರೆ ಮಾತ್ರ ಅದೇ ಗುಡ್, ಬ್ಯಾಡ್, ಪ್ರಾಬ್ಲಂ, ಕೊನೆಗೆ ಪ್ಲೀಸ್ ಡೂ ದ ನೀಡ್‌ಫುಲ್. ಕೌನ್ಸಿಲ್ ಆಫ್ ಯುರೋಪ್‌ನವರು 2001ರಲ್ಲಿ ಸಿಇಎಫ್‌ಆರ್ ಅಂತ, ಭಾಷೆ ಎಷ್ಟು ಬರುತ್ತೆ ಅನ್ನೋದಕ್ಕೆ ಒಂದು ಅಳತೆ ಪ್ರಕಟ ಮಾಡಿದ್ರಲ್ಲ, ಎ1ರಿಂದ ಸಿ2 ತನಕ ಆರು ಹಂತ, ಅದ್ರಲ್ಲಿ ಮಧ್ಯದ ಬಿ1, ಬಿ2 ಅನ್ನೋ ಜಾಗದಲ್ಲಿ ನಮ್ಮಂಥೋರು ಕೂತಿರ್ತೀವಿ. ಬೇಸಿಕ್ ಇಂಗ್ಲಿಷ್‌ಗೆ ಯೂಟ್ಯೂಬಲ್ಲಿ ಬೇಕಾದಷ್ಟು ವೀಡಿಯೋ ಇದೆ, ಫಾರಿನ್‌ಗೆ ಹೋಗೋರಿಗೆ ಐಇಎಲ್‌ಟಿಎಸ್, ಜಿಆರ್‌ಇ ಪರೀಕ್ಷೆಗಳ ಪದಗಳ ಪಟ್ಟಿ ಇದೆ, ನಡುವೆ ಸಿಕ್ಕಾಕ್ಕೊಂಡೋರಿಗೆ ಕನ್ನಡದಲ್ಲಿ ಹೇಳೋರು ಕಮ್ಮಿ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಯಾವ ಪದ ಕಲೀಬೇಕು ಅನ್ನೋದೇ ಮೊದಲ ತಲೆನೋವು. ನಾನು ಇಟ್ಕೊಂಡಿರೋದು ಆಕ್ಸ್‌ಫರ್ಡ್ 3000 ಪಟ್ಟಿ. ಆಕ್ಸ್‌ಫರ್ಡ್‌ನವರ ಲರ್ನರ್ಸ್ ಡಿಕ್ಷನರಿ ವೆಬ್‌ಸೈಟಲ್ಲಿ ಫ್ರೀಯಾಗೇ ಸಿಗುತ್ತೆ, ಪ್ರತಿ ಪದದ ಪಕ್ಕ ಎ1, ಎ2, ಬಿ1, ಬಿ2 ಅಂತ ಗುರುತು ಇರುತ್ತೆ, ಸ್ಪೀಕರ್ ಒತ್ತಿದ್ರೆ ಬ್ರಿಟಿಷ್ ಒಂದು, ಅಮೆರಿಕನ್ ಒಂದು ಉಚ್ಚಾರಣೆ ಕೇಳುತ್ತೆ. 3000 ಮುಗಿದೋರಿಗೆ ಇನ್ನೂ 2000 ಸೇರಿಸಿ ಆಕ್ಸ್‌ಫರ್ಡ್ 5000 ಅಂತ ಇದೆ, ಅದು ಬಿ2, ಸಿ1 ಲೆವೆಲ್, ಅದಕ್ಕೆ ಕೈ ಹಾಕೋ ಅರ್ಜೆಂಟ್ ಏನಿಲ್ಲ. ಎ1, ಎ2 ಪದಗಳನ್ನ ಕಣ್ಣಾಡಿಸಿ ಬಿಟ್ಬಿಡಿ, ಬಿ1ರಿಂದ ಶುರು ಮಾಡಿ, ಅದೂ ಸಾಲಾಗಿ ಎ ಅಕ್ಷರದಿಂದ ಹಿಡ್ಕೊಂಡು ಹೋಗೋಕೆ ಹೋಗ್ಬೇಡಿ, ಬಿ ಬರೋದ್ರೊಳಗೆ ಬೇಜಾರಾಗುತ್ತೆ. ಆಫೀಸ್ ಮೇಲಲ್ಲೋ, ಕ್ರಿಕೆಟ್ ಸುದ್ದೀಲೋ ಒಂದು ಪದ ಎದುರಿಗೆ ಬಂತು, ಡಿಕ್ಷನರೀಲಿ ನೋಡಿದ್ರೆ ಅದು ಬಿ1 ಅಥವಾ ಬಿ2 ಅಂತ ಇದೆ, ಆಗ ಕಾರ್ಡ್ ಮಾಡೋದು. ಗುರುತೇ ಇಲ್ಲ ಅಂದ್ರೆ ಅರ್ಥ ತಿಳ್ಕೊಂಡು ಮುಂದೆ ಹೋಗೋದು.

ಈಗ ಡೆಫಿನಿಷನ್ ವಿಷಯಕ್ಕೆ ಬರೋಣ, ಇಲ್ಲೇ ಜಾಸ್ತಿ ಜನ ಎಡವೋದು. ಸ್ಪೋಕನ್ ಇಂಗ್ಲಿಷ್ ಕ್ಲಾಸ್‌ಗಳಲ್ಲಿ ಒಂದು ಜೆರಾಕ್ಸ್ ಪುಸ್ತಕ ಕೊಡ್ತಾರಲ್ಲ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಒಂದೇ ಒಂದು ಅರ್ಥ, ಅಂಥದ್ದನ್ನ ಹಾಗೇ ಕಾರ್ಡ್‌ಗೆ ತುಂಬಿದ್ರೆ ಆಗೋದೇನು ಗೊತ್ತಾ, ಪದ ಕಂಡ ತಕ್ಷಣ ಕನ್ನಡ ಅರ್ಥ ಬಾಯಿಗೆ ಬರುತ್ತೆ, ಖುಷಿಯಾಗುತ್ತೆ, ಆದ್ರೆ ಮೇಲ್ ಬರೀವಾಗ ಆ ಪದ ಒಂದ್ ಸಲಾನೂ ಕೈಗೆ ಬರಲ್ಲ. ರಿಲಕ್ಟಂಟ್ ಅಂದ್ರೆ ಮನಸ್ಸಿಲ್ಲದ ಅಂತ ಗೊತ್ತು, ಸರಿ, ಅದರ ಮುಂದೆ ಏನು ಬರ್ಬೇಕು, ಟು ಬರ್ಬೇಕಾ, ಫಾರ್ ಬರ್ಬೇಕಾ, ಅದು ಆ ಕನ್ನಡ ಅರ್ಥದಲ್ಲಿ ಇಲ್ವಲ್ಲ. ಕನ್ನಡ ಅರ್ಥ ನೋಡ್ಲೇಬಾರ್ದು ಅಂತ ನಾನು ಹೇಳಲ್ಲ, ಇಂಗ್ಲಿಷನ್ನ ಇಂಗ್ಲಿಷಲ್ಲೇ ಕಲೀಬೇಕು ಅಂತ ಭಾಷಣ ಬಿಗಿಯೋರನ್ನ ಕಂಡ್ರೆ ನನಗೂ ಆಗಲ್ಲ, ಮೊದಲ್ನೇ ಸಲ ತಲೆಗೆ ಹೋಗೋಕೆ ಕನ್ನಡಾನೇ ಬೇಗ. ಅದನ್ನ ಕಾರ್ಡಿನ ಹಿಂದೆ ಮೂಲೇಲಿ ಸಣ್ಣಕ್ಕೆ ಬರ್ಕೊಂಡಿರ್ತೀನಿ. ಆದ್ರೆ ಮೇನ್ ಜಾಗ ಇಂಗ್ಲಿಷ್ ಡೆಫಿನಿಷನ್‌ಗೆ, ಅದಕ್ಕಿಂತ ದೊಡ್ಡ ಜಾಗ ಉದಾಹರಣೆ ವಾಕ್ಯಕ್ಕೆ.

ಇಂಗ್ಲಿಷ್ ಡೆಫಿನಿಷನ್ ಅಂದ ತಕ್ಷಣ ಹೆದರ್ಬೇಡಿ. ಮಾಮೂಲಿ ಡಿಕ್ಷನರೀಲಿ ಒಂದು ಕಷ್ಟದ ಪದಕ್ಕೆ ಇನ್ನೂ ಎರಡು ಕಷ್ಟದ ಪದ ಕೊಟ್ಟು ಕೈ ತೊಳ್ಕೊಂಡ್ಬಿಡ್ತಾರೆ. ಲರ್ನರ್ಸ್ ಡಿಕ್ಷನರಿಗಳು ಹಾಗಲ್ಲ, ಇವು ಬೇರೆ ಭಾಷೆಯವರಿಗೇ ಅಂತ ಮಾಡಿರೋವು. ಲಾಂಗ್‌ಮನ್‌ನವರು 1978ರಲ್ಲಿ ಅವರ ಡಿಕ್ಷನರಿ ತಂದಾಗ ಸುಮಾರು 2000 ಸಾಮಾನ್ಯ ಪದ ಮಾತ್ರ ಬಳಸಿ ಎಲ್ಲಾ ಅರ್ಥ ಬರೀಬೇಕು ಅಂತ ಕಟ್ಟುನಿಟ್ಟು ಮಾಡ್ಕೊಂಡ್ರು, ಅದು ಈಗ ಆನ್‌ಲೈನಲ್ಲಿ ಫ್ರೀ ಇದೆ. 1987ರಲ್ಲಿ ಬಂದ ಕೋಬಿಲ್ಡ್ ಇನ್ನೊಂದು ಥರ, ಬರ್ಮಿಂಗ್‌ಹ್ಯಾಂ ಯೂನಿವರ್ಸಿಟಿಯವರು ಕಾಲಿನ್ಸ್ ಜೊತೆ ಸೇರಿ ಮಾಡಿದ್ದು, ಅಲ್ಲಿ ಅರ್ಥಾನೇ ಒಂದು ಪೂರ್ತಿ ವಾಕ್ಯ, ಯಾರಾದ್ರೂ ಹೀಗೆ ಮಾಡಿದ್ರೆ ಅದಕ್ಕೆ ಹೀಗಂತಾರೆ ಅನ್ನೋ ಧಾಟಿ. ನನಗೆ ಕ್ರಿಯಾಪದಗಳಿಗೆ ಕೋಬಿಲ್ಡ್ ಇಷ್ಟ, ಯಾರು ಯಾರಿಗೆ ಏನು ಮಾಡ್ತಾರೆ ಅಂತ ಅರ್ಥದಲ್ಲೇ ಗೊತ್ತಾಗ್ಬಿಡುತ್ತೆ. ಉಳಿದಿದ್ದಕ್ಕೆಲ್ಲ ಆಕ್ಸ್‌ಫರ್ಡ್.

ನನ್ನ ಒಂದು ಕಾರ್ಡ್ ಹೇಗಿರುತ್ತೆ ತೋರಿಸ್ತೀನಿ. ಮುಂದಿನ ಕಡೆ ಒಂದೇ ವಾಕ್ಯ, ಪದದ ಜಾಗ ಖಾಲಿ: ದ ಸಪ್ಲೈಯರ್ ವಾಸ್ ______ ಟು ರೆಡ್ಯೂಸ್ ದ ರೇಟ್. ಖಾಲಿ ಜಾಗದ ಕೆಳಗೆ ಆರ್ ಅಂತ ಮೊದಲ ಅಕ್ಷರ, ಇಲ್ಲಾಂದ್ರೆ ಅನ್‌ವಿಲ್ಲಿಂಗ್ ಹಾಕಿದ್ರೂ ಸರಿ ಅನ್ಸುತ್ತೆ. ಹಿಂದಿನ ಕಡೆ ರಿಲಕ್ಟಂಟ್, ಉಚ್ಚಾರಣೆ ಆಡಿಯೋ, ಒಂದು ಸಾಲಿನ ಡೆಫಿನಿಷನ್, ಡಿಕ್ಷನರಿಯ ಒಂದು ಉದಾಹರಣೆ, ಮೂಲೇಲಿ ಕನ್ನಡ. ಈ ಖಾಲಿ ಜಾಗದ ಕಾರ್ಡ್‌ಗೆ ಆಂಕೀಲಿ ಕ್ಲೋಜ್ ಅಂತ ಹೆಸ್ರು, ರೆಡಿ ಟೈಪೇ ಇದೆ, ಪದ ಸೆಲೆಕ್ಟ್ ಮಾಡಿ ಒಂದು ಬಟನ್ ಒತ್ತಿದ್ರೆ ಮುಗೀತು. ಗಮನಿಸ್ಬೇಕಾದ್ದು, ಮುಂದಿನ ವಾಕ್ಯ ಡಿಕ್ಷನರೀದಲ್ಲ, ನಂದು, ನನ್ನ ಟೇಬಲ್ ಮೇಲೆ ನಿಜವಾಗ್ಲೂ ನಡೆದದ್ದು. ಡಿಕ್ಷನರಿ ವಾಕ್ಯ ನೋಡಿ ಅದೇ ಅಚ್ಚಲ್ಲಿ ನನ್ನ ಸಪ್ಲೈಯರನ್ನ ಕೂರಿಸಿರೋದು. ಹಾಗೆ ಮಾಡಿದ ಪದಗಳೇ ನನಗೆ ಮಾತಲ್ಲಿ ಬರ್ತಿರೋದು, ಅಫೋರ್ಡ್, ಶಾರ್ಟೇಜ್, ಇನ್ಸಿಸ್ಟ್, ರಿಲೈ, ಅಡಿಕ್ವೇಟ್, ಎಲ್ಲಾ ಹಾಗೇ ಬಂದಿದ್ದು.

ಉದಾಹರಣೆ ವಾಕ್ಯದ ಬೆಲೆ ಪೂರ್ತಿ ಗೊತ್ತಾಗೋದು ನಮಗೆ ಆಗ್ಲೇ ಗೊತ್ತು ಅಂದ್ಕೊಂಡಿರೋ ಪದಗಳಲ್ಲಿ. ಕನ್ನಡದಲ್ಲಿ ನಾವು ರೇಟ್ ಬಗ್ಗೆ ಡಿಸ್ಕಸ್ ಮಾಡೋಣ ಅಂತೀವಿ, ಆ ಬಗ್ಗೆ ಹೋಗಿ ಇಂಗ್ಲಿಷಲ್ಲಿ ಡಿಸ್ಕಸ್ ಅಬೌಟ್ ದ ರೇಟ್ ಆಗಿ ಕೂತಿರುತ್ತೆ. ಡಿಕ್ಷನರೀಲಿ ಡಿಸ್ಕಸ್ ಕೆಳಗಿರೋ ಉದಾಹರಣೆ ಎಲ್ಲಾ ಓದಿ, ಅಬೌಟ್ ಇರೋದೇ ಇಲ್ಲ. ಅವರು ನನಗೆ ಎಕ್ಸ್‌ಪ್ಲೇನ್ ಮಾಡಿದ್ರು ಅನ್ನೋದು ಹೀ ಎಕ್ಸ್‌ಪ್ಲೇನ್ಡ್ ಮಿ ಆಗುತ್ತೆ, ಆದ್ರೆ ಅಲ್ಲಿ ಟು ಮಿ ಬೇಕು. ಸಜೆಸ್ಟ್ ಮಿ ಎ ಗುಡ್ ಫೋನ್ ಅಂತ ಇಡೀ ಬೆಂಗಳೂರೇ ಬರೆಯುತ್ತೆ. ಅವನ ಜೊತೆ ಮದುವೆ ಆಯ್ತು ಅಂತ ಮ್ಯಾರೀಡ್ ವಿತ್, ಆಗ್ಬೇಕಾದ್ದು ಮ್ಯಾರೀಡ್ ಟು. ಇವೆಲ್ಲ ಅರ್ಥ ಗೊತ್ತಿಲ್ದೆ ಆಗೋ ತಪ್ಪಲ್ಲ, ಅರ್ಥ ಎಲ್ರಿಗೂ ಗೊತ್ತು, ಪದ ತನ್ನ ಅಕ್ಕಪಕ್ಕ ಯಾರನ್ನ ಕೂರಿಸ್ಕೊಳ್ಳುತ್ತೆ ಅನ್ನೋದು ಗೊತ್ತಿಲ್ಲ. ಹಾಗಾಗಿ ನನ್ನ ಡೆಕ್ಕಲ್ಲಿ, ಅಂದ್ರೆ ಕಾರ್ಡ್‌ಗಳ ಕಟ್ಟಲ್ಲಿ, ಹೊಸ ಪದಕ್ಕಿಂತ ಇಂಥ ಹಳೇ ಪದಗಳ ಕಾರ್ಡೇ ಲಾಭ ಕೊಟ್ಟಿರೋದು, ಖಾಲಿ ಬಿಡೋದು ಪದಾನ ಅಲ್ಲ, ಪಕ್ಕದ ಟು, ಆನ್, ಫಾರ್ ಅನ್ನ.

ಹೊಸಬ್ರು ಮಾಡೋ ಮೊದಲ ಕೆಲ್ಸ ರೆಡಿಮೇಡ್ ಡೆಕ್ ಡೌನ್‌ಲೋಡ್ ಮಾಡೋದು. ಯಾರೋ ಮಾಡಿ ಹಂಚಿರೋ ಸಾವಿರಾರು ಕಾರ್ಡಿನ ಡೆಕ್‌ಗಳು ಫ್ರೀ ಸಿಗುತ್ತೆ. ಕೆಲವು ಚೆನ್ನಾಗಿರುತ್ತೆ, ನಾನು ತೆಗ್ದಿದ್ದ ಒಂದ್ರಲ್ಲಿ ಮಾತ್ರ ವಾಕ್ಯಗಳು ಯಾವುದೋ ಮೆಷಿನ್ ಕಕ್ಕಿದ ಹಾಗಿತ್ತು, ಆಡಿಯೋ ಒಂದು ಪದದ್ದು ಇನ್ನೊಂದಕ್ಕೆ ಅಂಟಿಸಿದ್ರು. ಒಳ್ಳೇ ಡೆಕ್ಕೇ ಆದ್ರೂ ನಿಮಗೆ ಸಂಬಂಧ ಇಲ್ದಿರೋ ವಾಕ್ಯ ಎಷ್ಟು ಸಲ ನೋಡಿದ್ರೂ ಹತ್ತಲ್ಲ, ಲಂಡನ್ನಿನ ಮಳೆ ಕಟ್ಕೊಂಡು ನನಗೇನಾಗ್ಬೇಕು.

ಇನ್ನು ಆ್ಯಪ್ ಹೇಗೆ ಲೆಕ್ಕ ಹಾಕುತ್ತೆ ಅಂತ. ಡೇಮಿಯನ್ ಎಲ್ಮ್ಸ್ ಅನ್ನೋರು ಜಪಾನಿ ಕಲಿಯೋವಾಗ ಮಾಡ್ಕೊಂಡಿದ್ದು ಇದು, 2006ರಲ್ಲಿ ಮೊದಲು ಬಂತು. ಒಳಗಿನ ಲೆಕ್ಕ ಅದಕ್ಕೂ ಹಳೇದು, ಪೋಲೆಂಡಿನ ಪಿಯೋಟರ್ ವೋಜ್ನಿಯಾಕ್ ಸೂಪರ್‌ಮೆಮೋ ಅನ್ನೋ ಇಂಥದ್ದೇ ಪ್ರೋಗ್ರಾಂಗೆ ಅಂತ 1987ರಲ್ಲಿ ಬರೆದ ಎಸ್‌ಎಂ-2. ಕಾರ್ಡ್ ನೆನಪಾಯ್ತು ಅಂದ್ರೆ ಅದು ಮತ್ತೆ ಬರೋಕೆ ಇರೋ ಗ್ಯಾಪ್ ಸುಮಾರು ಎರಡೂವರೆ ಪಟ್ಟು ಆಗುತ್ತೆ, ಮರ್ತ್ರೆ ವಾಪಸ್ ಮೊದಲಿಗೆ. 2023ರಿಂದ ಎಫ್‌ಎಸ್‌ಆರ್‌ಎಸ್ ಅಂತ ಹೊಸ ಲೆಕ್ಕಾನೂ ಕೊಟ್ಟಿದಾರೆ, ಸೆಟ್ಟಿಂಗ್ಸಲ್ಲಿ ಆನ್ ಮಾಡ್ಬೋದು, ನೀವು ಹಿಂದೆ ಎಷ್ಟು ಮರ್ತಿದೀರಿ ಅನ್ನೋದನ್ನ ನೋಡಿ ನಿಮಗೆ ತಕ್ಕ ಹಾಗೆ ಗ್ಯಾಪ್ ಹಾಕುತ್ತೆ. ನಾನು ಆನ್ ಮಾಡಿದ ಮೇಲೆ ದಿನದ ರಿವ್ಯೂ, ಅಂದ್ರೆ ತಿರುಗಿ ನೋಡ್ಬೇಕಾದ ಕಾರ್ಡ್, ಕಮ್ಮಿ ಆಯ್ತು, ಮರೆವು ಜಾಸ್ತಿ ಆದ ಹಾಗೆ ಅನ್ಸಿಲ್ಲ. ಬಟನ್ ನಾಲ್ಕು, ಎಗೇನ್, ಹಾರ್ಡ್, ಗುಡ್, ಈಜಿ. ಹಾರ್ಡ್ ಅಂದ್ರೆ ಕಷ್ಟಪಟ್ಟು ನೆನಪಾಯ್ತು ಅಂತ, ಮರ್ತೋಯ್ತು ಅಂತ ಅಲ್ಲ. ಮರ್ತಿದ್ರೆ ಮುಲಾಜಿಲ್ದೆ ಎಗೇನ್ ಒತ್ತಿ, ನಾಚ್ಕೊಂಡು ಹಾರ್ಡ್ ಒತ್ತಿದ್ರೆ ಲೆಕ್ಕ ಎಲ್ಲಾ ಎಕ್ಕುಟ್ಟೋಗುತ್ತೆ.

ಈಗ ಕಟ್ ಮಾಡಿದ ಸ್ಟಾರ್ ವಿಷಯ. ಡಿಫಾಲ್ಟಾಗಿ ದಿನಕ್ಕೆ 20 ಹೊಸ ಕಾರ್ಡ್ ಅಂತ ಇರುತ್ತೆ, ಹೊಸಬ್ರಿಗೆ ಅದು ಜಾಸ್ತಿ ಅಂತ ಯಾರೂ ಹೇಳಲ್ಲ. ಮೊದಲ ವಾರ ಮಜಾ ಇರುತ್ತೆ, ತಿಂಗಳಾಗೋ ಹೊತ್ತಿಗೆ ಹಳೇ ಕಾರ್ಡೆಲ್ಲ ವಾಪಸ್ ಬಂದು ನೂರು ನೂರೈವತ್ತು ಆಗುತ್ತೆ, ಆ ಟೈಮಲ್ಲಿ ಊರಲ್ಲಿ ಒಂದು ಹಬ್ಬ, ಒಂದು ಮದುವೆ ಬಂದು ನಾಲ್ಕು ದಿನ ಬಿಟ್ರಿ ಅಂದ್ರೆ ಮೀಟರ್ ಬಡ್ಡಿ ಥರ ಬೆಳ್ದಿರುತ್ತೆ. ಜಾಸ್ತಿ ಜನ ಬಿಟ್ಟೋಗೋದು ಅಲ್ಲೇ. ಐದಕ್ಕೆ ಇಳಿಸಿ, ಕೆಲಸಕ್ಕೆ ಹೋಗೋರಿಗೆ ಅಷ್ಟು ಸಾಕು, ಪೀಣ್ಯದಿಂದ ಮೆಜೆಸ್ಟಿಕ್‌ಗೆ ಮೆಟ್ರೋಲಿ ಬರೋದ್ರೊಳಗೆ ಮುಗಿಯುತ್ತೆ, ಸೀಟ್ ಸಿಗ್ದಿದ್ರೂ ಪರವಾಗಿಲ್ಲ, ಒಂದೇ ಕೈಯಲ್ಲಿ ಒತ್ತಬೋದು. ಆಮೇಲೆ ನೋಡೋಕೆ ಚೆನ್ನಾಗಿಲ್ಲ, ಸೆಟ್ಟಿಂಗ್ಸ್ ಪೇಜ್ ತೆಗೆದ್ರೆ ಬ್ಯಾಂಕ್ ಲೋನ್ ಅಪ್ಲಿಕೇಶನ್ ಕಂಡ ಹಾಗೆ ತಲೆ ತಿರುಗುತ್ತೆ, ಕನ್ನಡ ಮೀಡಿಯಂನವನೊಬ್ಬ ಇಂಗ್ಲಿಷ್ ಕಲಿಯೋಕೆ ಅಂತ ಬಂದು ಅಷ್ಟು ಇಂಗ್ಲಿಷ್ ಓದೋಕಾಗಲ್ಲ. ಇದು ಸಣ್ಣ ವಿಷಯ ಅಲ್ಲ, ನಮ್ಮ ಸೆಕ್ಷನ್ನಲ್ಲಿ ನಾನು ಹಾಕಿಕೊಟ್ಟ ಇಬ್ರು ಇದಕ್ಕೇ ಬಿಟ್ರು. ಒಂದು ಪದ ಎಂಟು ಸಲ ಮರ್ತ್ರೆ ಆ್ಯಪ್ ಅದಕ್ಕೆ ಲೀಚ್, ಅಂದ್ರೆ ಜಿಗಣೆ, ಅಂತ ಗುರುತು ಹಾಕುತ್ತೆ, ಅದೊಂದು ಮಾತ್ರ ನನಗೆ ಇಷ್ಟ, ಅಂಥ ಕಾರ್ಡಿಗೆ ಬೇರೆ ವಾಕ್ಯ ಹಾಕಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಪದ ಕಷ್ಟ ಅಲ್ಲ, ವಾಕ್ಯ ಸಪ್ಪೆ ಇರುತ್ತೆ.

ದುಡ್ಡಿನ ವಿಷಯ. ಕಂಪ್ಯೂಟರ್‌ಗೆ ಫ್ರೀ, ಆಂಡ್ರಾಯ್ಡ್‌ಗೆ ಆಂಕಿಡ್ರಾಯ್ಡ್ ಅಂತ ಬೇರೆ ವಾಲಂಟಿಯರ್‌ಗಳು ಮಾಡಿರೋದು, ಅದೂ ಫ್ರೀ, ಆ್ಯಡ್ ಇಲ್ಲ, ಊರಲ್ಲಿ ನೆಟ್‌ವರ್ಕ್ ಇಲ್ದಿದ್ರೂ ರಿವ್ಯೂ ನಡೆಯುತ್ತೆ. ಐಫೋನ್‌ಗೆ ಮಾತ್ರ ದುಡ್ಡು, ಸುಮಾರು 25 ಡಾಲರ್, ಒಂದೇ ಸಲ. ಅಷ್ಟು ಕೊಡೋಕೆ ಮನಸ್ಸಿಲ್ಲ ಅಂದ್ರೆ ಬ್ರೌಸರಲ್ಲಿ ಆಂಕಿವೆಬ್ ತೆಗೆದು ಮಾಡ್ಬೋದು, ಸ್ವಲ್ಪ ಬಡಕಲು ಆದ್ರೂ ಕೆಲ್ಸ ಆಗುತ್ತೆ. ಆ್ಯಪ್ ಸ್ಟೋರಲ್ಲಿ ಇದೇ ಥರ ಹೆಸರಿಟ್ಕೊಂಡು ತಿಂಗಳಿಗಿಷ್ಟು ಅಂತ ಚಂದಾ ಕೇಳೋವು ಇವೆ, ಅವು ಬೇರೆ, ಹೆಸರು ಸರಿಯಾಗಿ ನೋಡಿ ಹಾಕಿ.

ಇನ್ನೊಂದು, ಫೋನ್ ಬದಲಾಯಿಸೋವಾಗ ಹುಷಾರು. ಹಳೇ ಫೋನಲ್ಲಿ ಸಿಂಕ್ ಒತ್ತಿ, ಕಾರ್ಡೆಲ್ಲ ಸರ್ವರ್‌ಗೆ ಹೋಗಿ ಮುಗಿಯೋ ತನಕ ಕಾಯಿರಿ, ಆಮೇಲೆ ಹೊಸದ್ರಲ್ಲಿ ಲಾಗಿನ್ ಆಗಿ. ಎರಡೂ ಕಡೆ ಬೇರೆ ಬೇರೆ ಇದೆ ಅನ್ಸಿದ್ರೆ ಅಪ್‌ಲೋಡಾ ಡೌನ್‌ಲೋಡಾ ಅಂತ ಕೇಳುತ್ತೆ, ಹೊಸ ಫೋನಲ್ಲಿ ಡೌನ್‌ಲೋಡೇ ಕೊಡ್ಬೇಕು, ಅಪ್‌ಲೋಡ್ ಕೊಟ್ರೆ ಆ ಖಾಲಿ ಡೆಕ್ ಹೋಗಿ ಸರ್ವರಲ್ಲಿರೋ ನಿಮ್ಮ ಕಾರ್ಡ್‌ಗಳ ಮೇಲೆ ಕೂತ್ಬಿಡುತ್ತೆ. ಅದಕ್ಕೆ ಮುಂಚೆ ಎಕ್ಸ್‌ಪೋರ್ಟ್ ಕೊಟ್ಟು ಒಂದು ಫೈಲ್ ಮಾಡಿ ಡ್ರೈವ್‌ಗೋ ನಿಮ್ಮ ಮೇಲ್‌ಗೋ ಹಾಕಿಟ್ಕೊಳ್ಳಿ.