ಕೀ ಗೊಂಚಲಿನ ಬುಲೆಟ್ ಪಂಚ್: ಬ್ಲೇಡ್ ನೋಡುವ ಮುಂಚೆ ಥ್ರೆಡ್ ನೋಡಿ

ಬುಲೆಟ್ ಪಂಚ್ ಎಂದರೆ ಸಿಗಾರಿನ ತಲೆಗೆ, ಅಂದರೆ ಬಾಯಿಗಿಡುವ ಮುಚ್ಚಿದ ತುದಿಗೆ, ತೂತು ಹೊಡೆಯುವ ಬಂದೂಕಿನ ಗುಂಡಿನ ಆಕಾರದ ಪುಟ್ಟ ಲೋಹದ ಕೊಳವೆ. ತಿರುಗಿಸಿ ಬಿಚ್ಚಿದರೆ ಎರಡು ತುಂಡು. ಒಂದರ ತುದಿಯಲ್ಲಿ ಬಳೆಯಂಥ ದುಂಡನೆಯ ಬ್ಲೇಡ್, ಇನ್ನೊಂದು ಅದರ ಮುಚ್ಚಳ. ಎರಡರಲ್ಲಿ ಒಂದಕ್ಕೆ ಕೀ ರಿಂಗ್. ಇಷ್ಟು ಸರಳವಾದ ವಸ್ತುವಿನಲ್ಲಿ ಕೆಡುವುದಕ್ಕೆ ಏನಿದೆ ಅನ್ನಿಸಬಹುದು. ಅಗ್ಗದ ಪಂಚ್‌ನಲ್ಲೂ ಬ್ಲೇಡ್ ಸಾಮಾನ್ಯವಾಗಿ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಕೈಕೊಡುವುದು ಥ್ರೆಡ್, ಅಂದರೆ ಎರಡು ತುಂಡನ್ನು ಜೋಡಿಸುವ ತಿರುಪಿನ ಸುರುಳಿ ಗೆರೆ. ಜೇಬಿನಲ್ಲಿ ಬೀಗದ ಕೈಗಳ ಜೊತೆ ದಿನವಿಡೀ ಕುಲುಕಾಡಿ ಥ್ರೆಡ್ ಸ್ವಲ್ಪಸ್ವಲ್ಪವೇ ಬಿಚ್ಚಿಕೊಳ್ಳುತ್ತದೆ. ಒಂದು ದಿನ ಗೊಂಚಲು ಹೊರತೆಗೆದರೆ ಅರ್ಧ ಪಂಚ್ ಮಾತ್ರ ಇರುತ್ತದೆ.

ಆ ಉಳಿದ ಅರ್ಧ ಯಾವುದು ಎನ್ನುವುದು ಕೀ ರಿಂಗ್ ಯಾವ ಕಡೆ ಇದೆ ಎಂಬುದರ ಮೇಲೆ ನಿಂತಿದೆ. ಕೊಳ್ಳುವಾಗ ಇದನ್ನು ಯಾರೂ ನೋಡುವುದಿಲ್ಲ. ರಿಂಗ್ ಬ್ಲೇಡಿನ ತುಂಡಿಗೆ ಇದ್ದರೆ ಮುಚ್ಚಳ ಬಿದ್ದುಹೋಗಿ ಬರಿಯ ಬ್ಲೇಡ್ ಜೇಬಿನಲ್ಲಿ ಉಳಿಯುತ್ತದೆ. ಬೀಗದ ಕೈಗೆ ತಾಗಿ ಅದರ ಅಂಚು ಮುರಿಯುತ್ತದೆ, ಜೇಬಿನ ಬಟ್ಟೆ ಹರಿಯುತ್ತದೆ, ಗೊತ್ತಿಲ್ಲದೆ ಕೈ ಹಾಕಿದರೆ ಬೆರಳಿಗೂ ಗಾಯ. ರಿಂಗ್ ಮುಚ್ಚಳಕ್ಕೆ ಇದ್ದರೆ ಕಳೆದುಹೋಗುವುದು ಬ್ಲೇಡಿನ ತುಂಡು. ಅಗ್ಗದ ವಸ್ತು, ಹೋದರೆ ಹೋಯಿತು. ಅದೂ ಅಲ್ಲದೆ ಮುಚ್ಚಳದ ಕಡೆ ರಿಂಗ್ ಇರುವ ಪಂಚ್‌ನಲ್ಲಿ ಬ್ಲೇಡಿನ ತುಂಡು ಗೊಂಚಲಿನಿಂದ ಬೇರೆಯಾಗಿ ಕೈಗೆ ಬರುತ್ತದೆ. ಸಿಗಾರಿನ ತಲೆಗೆ ಇಟ್ಟು ತಿರುಗಿಸುವಾಗ ಏಳೆಂಟು ಕೀಲಿ ಜೋತುಬಿದ್ದು ಕೈಯನ್ನು ಒಂದು ಕಡೆಗೆ ಎಳೆಯುವುದಿಲ್ಲ. ಹಾಗಾಗಿ ಆಯ್ಕೆ ಮುಚ್ಚಳದ ಕಡೆಯ ರಿಂಗೇ.

ಥ್ರೆಡ್ ಪರೀಕ್ಷಿಸುವುದು ಸುಲಭ. ಪೂರ್ತಿ ಬಿಚ್ಚಿ, ಮತ್ತೆ ಹಾಕುತ್ತಾ ಸುತ್ತು ಎಣಿಸಿ. ಮೂರು ಸುತ್ತಿಗಿಂತ ಕಡಿಮೆಯಲ್ಲಿ ಬಿಗಿಯಾಗುವುದನ್ನು ಅಲ್ಲೇ ಬಿಡಿ. ನಾಲ್ಕೈದು ಸುತ್ತು ಇದ್ದರೆ ನಂಬಬಹುದು. ಕೊನೆಯ ಸುತ್ತಿನಲ್ಲಿ ರಬ್ಬರ್ ಉಂಗುರ ಒತ್ತಿದ ಹಾಗೆ ಸ್ವಲ್ಪ ಬಿಗಿತ ಸಿಕ್ಕರೆ ಇನ್ನೂ ಒಳ್ಳೆಯದು, ಆ ಉಂಗುರವೇ ಕುಲುಕಾಟವನ್ನು ತಡೆಯುತ್ತದೆ. ಅದಿಲ್ಲದ ಪಂಚ್‌ಗೆ ನಲ್ಲಿ ಜೋಡಿಸುವಾಗ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಥ್ರೆಡ್ಡಿನ ಮೇಲೆ ಒಂದೇ ಒಂದು ಸುತ್ತು ಸುತ್ತಿ. ಎರಡು ಸುತ್ತಾದರೆ ಮುಚ್ಚಳ ಸರಿಯಾಗಿ ಕೂರದೆ ಹೋಗಬಹುದು. ಟೇಪ್ ಸವೆದು ಎಳೆಯಾದಾಗ ಬದಲಿಸಿದರೆ ಸಾಕು. ಥ್ರೆಡ್ಡಿಗೆ ಅಂಟು ಹಾಕಬೇಡಿ, ಮತ್ತೆ ಬಿಚ್ಚಲಾಗುವುದಿಲ್ಲ.

ಲೋಹದ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಹಿತ್ತಾಳೆಯ ಒಡಲು ಭಾರ, ಆದರೆ ಥ್ರೆಡ್ ಬಾಳುತ್ತದೆ. ಅಲ್ಯೂಮಿನಿಯಂ ಹಗುರ, ಥ್ರೆಡ್ ಬೇಗ ಸವೆಯುತ್ತದೆ. ಮೇಲಿನ ಕಪ್ಪು ಬಣ್ಣ, ಚಿನ್ನದ ಲೇಪ ಯಾವುದಿದ್ದರೂ ಕೀಲಿಗಳ ಉಜ್ಜಾಟಕ್ಕೆ ಮೂಲೆಗಳಲ್ಲಿ ಹೋಗಿಯೇ ಹೋಗುತ್ತದೆ. ಅದಕ್ಕೆ ಹೆಚ್ಚು ಹಣ ಕೊಡುವುದು ದಂಡ.

ಇನ್ನು ಅಳತೆ. ಸಿಗಾರಿನ ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ಗೇಜ್ ಅಂದರೆ ಇಂಚಿನ 64ನೇ ಒಂದು ಭಾಗ. 50 ಗೇಜಿನ ರೊಬಸ್ಟೊ ಎಂಬ ಬಗೆಯ ಸಿಗಾರ್ ಸುಮಾರು 19.8 ಮಿ.ಮೀ. ದಪ್ಪ, 42 ಗೇಜಿನ ಕೊರೋನಾ ಎಂಬ ಬಗೆ 16.7 ಮಿ.ಮೀ., 60 ಗೇಜಿನ ದಪ್ಪ ಸಿಗಾರ್ 23.8 ಮಿ.ಮೀ. ಪಂಚ್‌ಗಳು ಹೆಚ್ಚಾಗಿ 7ರಿಂದ 13 ಮಿ.ಮೀ. ಒಳಗೆ ಸಿಗುತ್ತವೆ. 7 ಮತ್ತು 9ರ ನಡುವೆ ಬರೀ ಎರಡು ಮಿ.ಮೀ. ತಾನೇ ಅನ್ನಬೇಡಿ. ಹೊಗೆ ಬರುವುದು ತೂತಿನ ವಿಸ್ತೀರ್ಣದಿಂದ. 7 ಮಿ.ಮೀ. ತೂತಿನದು ಸುಮಾರು 38 ಚದರ ಮಿ.ಮೀ., 9ರದು 64, 11ರದು 95. ರೊಬಸ್ಟೊದ ತಲೆಯಲ್ಲಿ 9 ಮಿ.ಮೀ. ತೂತು ಹೊಡೆದರೆ ಐದರಲ್ಲಿ ಒಂದು ಪಾಲು ತೆರೆದಂತೆ. 7ರಲ್ಲಿ ಎಂಟರಲ್ಲಿ ಒಂದು ಪಾಲು. ಎಳೆತ ಬಿಗಿ, ಅಂದರೆ ಸೇದಿದಾಗ ಹೊಗೆ ಸಲೀಸಾಗಿ ಬರುವುದಿಲ್ಲ, ಅನ್ನಿಸುವುದು ಈ 7 ಮಿ.ಮೀ. ತೂತಿನಲ್ಲಿ ಹೆಚ್ಚು.

ಒಂದೇ ಒಂದನ್ನು ಗೊಂಚಲಿಗೆ ಹಾಕುವುದಾದರೆ 9 ಮಿ.ಮೀ. ತೆಗೆದುಕೊಳ್ಳಿ. 44ರಿಂದ 54 ಗೇಜಿನವರೆಗೆ ಅದು ನೆಮ್ಮದಿಯಾಗಿ ನಡೆಯುತ್ತದೆ. ಸದಾ 56, 60 ಗೇಜ್ ಸೇದುವವರಿಗೆ 11 ಸರಿ.  38 ಗೇಜಿನ ಸಣಕಲು ಸಿಗಾರಿಗೆ 9 ಹಾಕಿದರೆ ಸುತ್ತ ಮೂರು ಮಿ.ಮೀ. ಅಂಚು ಮಾತ್ರ ಉಳಿಯುತ್ತದೆ, ತಲೆ ಬಿರಿಯುವ ಅಪಾಯ ಹೆಚ್ಚು. ಟಾರ್ಪಿಡೊ, ಪಿರಮಿಡ್ ತರಹದ ಚೂಪು ತಲೆಯವಕ್ಕೆ ಪಂಚ್ ಆಗುವುದೇ ಇಲ್ಲ, ಬ್ಲೇಡ್ ಕೂರಲು ಅಲ್ಲಿ ಸಮತಟ್ಟಾದ ಜಾಗವಿಲ್ಲ. ಅಂಥವನ್ನೇ ಇಷ್ಟಪಡುವವರು ಈ ವಸ್ತುವಿನ ಗೋಜಿಗೆ ಹೋಗಬೇಡಿ, ಕತ್ತರಿಸುವ ಕಟರ್ ಇಟ್ಟುಕೊಳ್ಳಿ.

ಒಂದರೊಳಗೊಂದು ಮೂರು ಗಾತ್ರ ಅಡಗಿರುವ ಪಂಚ್‌ಗಳೂ ಇವೆ. ನೋಡಲು ಚೆಂದ. ಆದರೆ ಮೂರು ಬ್ಲೇಡಿಗೆ ಮೂರು ಥ್ರೆಡ್, ಸಡಿಲವಾಗಲು ಮೂರು ಜಾಗ. ಬಳಕೆಯಾಗುವುದು ನಡುವಿನದೊಂದೇ.

ಬ್ಲೇಡಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಂಚಿನ ಇಳಿಜಾರು ಒಳಮುಖವಾಗಿದೆಯೋ ಹೊರಮುಖವಾಗಿದೆಯೋ? ಹೊರಗೆ ಇಳಿಜಾರು ಇದ್ದರೆ ಬ್ಲೇಡ್ ಒಳಗಿಳಿಯುತ್ತಾ ಬೆಣೆಯಂತೆ ಎಲೆಯನ್ನು ಹೊರಕ್ಕೆ ತಳ್ಳುತ್ತದೆ; ಸಿಗಾರ್ ಒಣಗಿದ್ದರೆ ತೂತಿನಿಂದ ಕೆಳಕ್ಕೆ ಕೂದಲೆಳೆಯಂಥ ಬಿರುಕು ಬರುತ್ತದೆ. ಇಳಿಜಾರು ಒಳಗಿದ್ದರೆ ಒತ್ತಡವೆಲ್ಲ ಕತ್ತರಿಸಿದ ಬಿಲ್ಲೆಯ ಮೇಲೆ, ಉಳಿದ ತಲೆ ಸ್ವಚ್ಛವಾಗಿ ನಿಲ್ಲುತ್ತದೆ. ಬದಲಿಗೆ ಬಿಲ್ಲೆ ಬ್ಲೇಡಿನೊಳಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಟೂತ್‌ಪಿಕ್‌ನಿಂದ ಅಂಚಿನ ಪಕ್ಕ ಚುಚ್ಚಿ ಎತ್ತಿದರೆ ಬಂತು. ಹಿಂದಿನಿಂದ ತಳ್ಳಿ ಬಿಲ್ಲೆ ಹೊರಹಾಕುವ ಕಡ್ಡಿ ಇರುವ ಪಂಚ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಬಹುದು. ಹರಿತ ನೋಡಲು ಎರಡು ಪದರ ಕಾಗದವನ್ನು ರಟ್ಟಿನ ಮೇಲಿಟ್ಟು ಒತ್ತಿ ತಿರುಗಿಸಿ. ದುಂಡನೆಯ ಬಿಲ್ಲೆ ಬಂದರೆ ಸರಿ, ಒಂದು ಕಡೆ ಜೂಲುಜೂಲಾದರೆ ಅಲ್ಲಿ ಅಂಚು ಮೊಂಡ.

ಒಳ್ಳೆಯ ಪಂಚ್ ಇದ್ದೂ ಕೆಡಿಸಿಕೊಳ್ಳುವುದು ಒತ್ತುವುದರಿಂದ. ಸಿಗಾರಿನ ತಲೆಯ ಹತ್ತಿರ ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಸುತ್ತ ಹಿಡಿಯಿರಿ, ಇದು ಬಿರುಕಿಗೆ ಪಟ್ಟಿ ಕಟ್ಟಿದ ಹಾಗೆ. ಬ್ಲೇಡನ್ನು ನಡುಮಧ್ಯದಲ್ಲಿ ನೇರವಾಗಿ ಇಡಿ. ಒತ್ತದೆ ಮೊದಲು ಅತ್ತಿತ್ತ ಕಾಲು ಸುತ್ತು ತಿರುಗಿಸಿ, ಅಂಚು ಎಲೆಯನ್ನು ಕಚ್ಚಿದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಹಗುರವಾಗಿ ಒತ್ತುತ್ತಾ ಒಂದೇ ದಿಕ್ಕಿನಲ್ಲಿ ತಿರುಗಿಸಿ. ಎರಡರಿಂದ ಮೂರು ಮಿ.ಮೀ. ಆಳ ಸಾಕು, ಟೊಪ್ಪಿಗೆಯ ಎಲೆ, ಅಂದರೆ ತಲೆಯನ್ನು ಮುಚ್ಚಿರುವ ಎಲೆ, ಒಂದು ಮಿ.ಮೀ. ದಪ್ಪವೂ ಇರುವುದಿಲ್ಲ. ಬ್ಲೇಡ್ ಇದೆಯೆಂದು ಪೂರ್ತಿ ಇಳಿಸಿದರೆ ಒಳಗಿನ ಎಲೆ ಅದುಮಿ ಬಿರಡೆಯಾಗುತ್ತದೆ, ಇಲ್ಲವೇ ಪುಡಿಯಾಗಿ ಬಾಯಿಗೆ ಬರುತ್ತದೆ. ಹೊರತೆಗೆಯುವಾಗಲೂ ತಿರುಗಿಸುತ್ತಲೇ ಎಳೆಯಿರಿ. ಹಚ್ಚುವ ಮುಂಚೆ ಒಮ್ಮೆ ಬರಿದೇ ಎಳೆದು ನೋಡಿ. ಬಿಗಿ ಅನ್ನಿಸಿದರೆ, ಮೊದಲ ತೂತು ಸಣ್ಣದಾಗಿದ್ದು ತಲೆಯಲ್ಲಿ ಜಾಗವಿದ್ದರೆ, ಆಗಲೇ ಇನ್ನೊಂದು ತೂತು ಹೊಡೆಯಬಹುದು. ಸಿಗಾರನ್ನೇ ಬಿಗಿಯಾಗಿ ಸುತ್ತಿದ್ದರೆ ಮಾತ್ರ ಯಾವ ಪಂಚ್ ಏನೂ ಮಾಡಲಾರದು, ಅಡಚಣೆ ಇರುವುದು ತಲೆಯಲ್ಲಲ್ಲ.

ತಲೆ ಒಣಗಿ ಗರಿಗರಿ ಆಗಿದ್ದರೆ ಬಾಯಿಗಿಟ್ಟು ಅರ್ಧ ನಿಮಿಷ ಉಸಿರಿನ ತೇವ ಕೊಡಿ, ನಂತರ ಪಂಚ್ ಮಾಡಿ. ಸಿಗಾರ್‌ಗಳನ್ನು ಶೇಕಡಾ 65ರಿಂದ 70ರ ತೇವಾಂಶದಲ್ಲಿ ಇಟ್ಟಿದ್ದರೆ ಇದರ ಅಗತ್ಯ ಬೀಳುವುದಿಲ್ಲ.

ಪಂಚ್‌ನ ನಿಜವಾದ ಕೊರತೆ ಬೇರೆ. ಎಲ್ಲ ಹೊಗೆಯೂ ಒಂದು ಚಿಕ್ಕ ತೂತಿನ ಮೂಲಕವೇ ನುಗ್ಗುವುದರಿಂದ ತೇವ ಮತ್ತು ಟಾರ್ ಅದರ ಅಂಚಿನಲ್ಲೇ ಕಟ್ಟಿಕೊಳ್ಳುತ್ತವೆ, ಅದೂ ನಾಲಗೆಯ ತುದಿಗೆ ತಾಗುವ ಜಾಗದಲ್ಲಿ. ಅರ್ಧ ದಾಟಿದ ಮೇಲೆ ಕಹಿ ಅನ್ನಿಸಿದರೆ ತೂತನ್ನು ನೋಡಿ, ಕಂದು ಬಣ್ಣದ ಜಿಡ್ಡು ಮಿನುಗುತ್ತಿರುತ್ತದೆ. ಕಾಗದದಿಂದ ಒರೆಸಿ, ಎಳೆತದ ನಡುವಿನ ಬಿಡುವು ಹೆಚ್ಚಿಸಿ. ಕಟರ್ ಹತ್ತಿರವಿದ್ದರೆ ತಲೆಯ ತುದಿಯಿಂದ ಎರಡು ಮಿ.ಮೀ. ಕತ್ತರಿಸಿದರೆ ಸಮಸ್ಯೆಯೇ ಹೋಗುತ್ತದೆ. ಟೊಪ್ಪಿಗೆಯ ಅಂಚಿನ ಗೆರೆ ದಾಟಿ ಕತ್ತರಿಸಬೇಡಿ, ಹೊರ ಎಲೆ ಬಿಚ್ಚಿಕೊಳ್ಳುತ್ತದೆ.

ಆರೈಕೆ ಅಂತ ಹೆಚ್ಚೇನೂ ಇಲ್ಲ, ಆದರೆ ಕೀ ಗೊಂಚಲಿನದಾದ್ದರಿಂದ ಒಂದು ಮಾತು. ಮುಚ್ಚಳ ಹಾಕಿದ್ದರೂ ಥ್ರೆಡ್ಡಿನ ಸಂದಿನಿಂದ ಜೇಬಿನ ನೂಲು, ದೂಳು ಒಳಗೆ ಸೇರುತ್ತದೆ, ಹಳೆಯ ಬಿಲ್ಲೆಯ ಜಿಡ್ಡಿಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಬಾಯಿಗಿಡುವ ತುದಿಗೆ ಬ್ಲೇಡ್ ತಾಗಿಸುವ ಮುಂಚೆ ಒಮ್ಮೆ ಊದಿ. ಹತ್ತು ಹದಿನೈದು ಸಿಗಾರಿಗೊಮ್ಮೆ ಹತ್ತಿಯ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಳಗೋಡೆ ಒರೆಸಿ, ಪೂರ್ತಿ ಆರಿದ ಮೇಲೆ ಮುಚ್ಚಿ. ಒಳ ಇಳಿಜಾರಿನ ಬ್ಲೇಡ್ ಮೊಂಡಾದರೆ ಬ್ಲೇಡಿನ ತೂತಿಗಿಂತ ದಪ್ಪವಾದ ಮರದ ಕಡ್ಡಿಯ ಚೂಪು ಮಾಡಿದ ತುದಿಗೆ 1000 ನಂಬರಿನ ಎಮೆರಿ ಪೇಪರ್ ಸುತ್ತಿ, ಒಳಗಿಟ್ಟು ಹತ್ತು ಸುತ್ತು ಹಗುರವಾಗಿ ತಿರುಗಿಸಿ, ಹೊರ ಅಂಚಿನಲ್ಲಿ ಎದ್ದ ಸಣ್ಣ ತರಿಯನ್ನು ಹಳೆಯ ಬೆಲ್ಟಿನ ಚರ್ಮದ ಮೇಲೆ ಉರುಳಿಸಿ ತೆಗೆಯಿರಿ. ಅಂಚಿನಲ್ಲಿ ಕಣ್ಣಿಗೆ ಕಾಣುವಷ್ಟು ಮುಕ್ಕಾಗಿದ್ದರೆ ಆ ಶ್ರಮ ಬೇಡ, ಹೊಸದನ್ನು ತಂದು ಹಳೆಯ ಕೀ ರಿಂಗಿಗೇ ಹಾಕಿ.