ಕೊನೆಗೆ ವೈ ಬರುವ ಐದಕ್ಷರದ ಪದ: ಆ್ಯಪ್, ಹಳೇ ಪುಸ್ತಕ, ಗ್ರೆಪ್

ಕೊನೆಯಕ್ಷರ ಹೇಳಿ ಇಂಗ್ಲಿಷ್ ಪದಗಳ ಪಟ್ಟಿ ಪಡೆಯಲು ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರೆಪ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಪದ ಹುಡುಕುವ ಒಂದು ಆಜ್ಞೆಗೆ. ಒಂದು ಆ್ಯಪ್‌ಗೆ 399 ರೂಪಾಯಿ ಸುರಿದ ಮೇಲೆ ಬಂದ ಬುದ್ಧಿ ಇದು.

ನ್ಯೂಜೆರ್ಸಿಯಲ್ಲಿರುವ ತಂಗಿಗೂ ನನಗೂ ವರ್ಡಲ್ ಹುಚ್ಚು ಹತ್ತಿದ್ದು 2022ರಲ್ಲಿ. ಜಾಷ್ ವಾರ್ಡಲ್ ತಮ್ಮ ಸಂಗಾತಿಗೋಸ್ಕರ ಮಾಡಿದ ಆಟ ಅದು. ಅಡಗಿಸಿಟ್ಟ ಇಂಗ್ಲಿಷ್ ಪದ ಊಹಿಸಬೇಕು, ಸರಿಯಾದ ಅಕ್ಷರ ಸರಿಯಾದ ಜಾಗಕ್ಕೆ ಬಿದ್ದರೆ ಆ ಮನೆ ಹಸಿರಾಗುತ್ತದೆ. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಬಿಟ್ಟರು, ಮರುವರ್ಷ ಜನವರಿಗೆಲ್ಲ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ದಿನಕ್ಕೊಂದೇ ಪದ ನಮಗೆ ಸಾಲಲಿಲ್ಲ. ಈಗ ವಾಟ್ಸಾಪ್‌ನಲ್ಲಿ ನಾವೇ ಒಬ್ಬರಿಗೊಬ್ಬರು ಪದ ಇಡುತ್ತೇವೆ. ಐದಕ್ಷರ, ಆರು ಅವಕಾಶ. ನಾಲ್ಕು ಸಲ ತಪ್ಪಿದ ಮೇಲೆ ಪಟ್ಟಿ ನೋಡಬಹುದು ಅಂತ ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಅದೂ ಮೋಸವೇ ಅಂತಾಳೆ ಅವಳು. ಅನ್ನಲಿ ಬಿಡಿ.

ನನಗೆ ಪಟ್ಟಿ ಬೇಕೇ ಬೇಕು. ಕೊನೆಯಕ್ಷರ ಗೊತ್ತಾದರೂ ತಲೆ ಓಡುವುದಿಲ್ಲ, ಕನ್ನಡದ ಕಿವಿ ಅಲ್ವಾ? ಒಂದು ಬೆಳಗ್ಗೆ ಕೊನೆಯ ಮನೆಯಲ್ಲಿ ಇ ಹಸಿರಾಯಿತು. ನಾನು ತ್ರೀ, ಅಗ್ರೀ ಅಂತ ಕೊನೆಗೆ 'ಈ' ಅನ್ನುವ ಸದ್ದು ಬರುವ ಪದಗಳನ್ನೇ ಹುಡುಕುತ್ತಾ ಕೂತೆ. ಉತ್ತರ ಪ್ಲೇಟ್. ಪಿ-ಎಲ್-ಎ-ಟಿ-ಇ. ಉಪ್ಪಿಟ್ಟಿನ ಪ್ಲೇಟ್ ಕೈಯಲ್ಲೇ ಇತ್ತು! ನಮ್ಮ ಬಾಯಲ್ಲಿ ಆ ಪದ ಟ್ ಅಂತ ಮುಗಿದುಹೋಗುತ್ತದೆ, ಇ ಸುಮ್ನೆ ಬಾಲದ ಹಾಗೆ ಕೂತಿರುತ್ತದೆ. ವರ್ಡಲ್‌ನ ಮೊದಮೊದಲ ಉತ್ತರಗಳ ಪಟ್ಟಿಯಲ್ಲಿ ಸುಮಾರು 2,300 ಪದಗಳಿದ್ದವು. ಅದರಲ್ಲಿ 400ಕ್ಕೂ ಜಾಸ್ತಿ ಪದಗಳ ಕೊನೆಗೆ ಇದೇ ಇ. ಎರಡನೇ ಸ್ಥಾನ ವೈ ಅಕ್ಷರಕ್ಕೆ.

ಆ್ಯಪ್ ವಿಷಯಕ್ಕೆ ಬರೋಣ. ಹೆಸರು ಬೇಡ. ಏಳು ದಿನ ಪುಕ್ಕಟೆ ಅಂದರು, ಎಂಟನೇ ದಿನ ದುಡ್ಡು ಕಡಿತವಾಯಿತು. ತಪ್ಪು ನನ್ನದೂ ಇದೆ, ದಿನ ಲೆಕ್ಕ ಇಡಲಿಲ್ಲ. ನೋಡಲು ಚೆಂದ, ಕೊನೆಯಕ್ಷರ ಒತ್ತಿದರೆ ಸಾಕು, ಪಟ್ಟಿ ಬರುತ್ತದೆ. ಆದರೆ ಅದು ಸ್ಕ್ರ್ಯಾಬಲ್ ಅನ್ನುವ, ಅಕ್ಷರಕ್ಕಿಷ್ಟು ಅಂಕ ಅಂತ ಇರುವ ಪದದಾಟ ಆಡುವವರಿಗೆ ಮಾಡಿದ್ದು. ಜಾಸ್ತಿ ಅಂಕದ ಪದ ಮೇಲೆ. ವೈ ಒತ್ತಿದರೆ ಮೊದಲು ಜಾಝಿ, ಫಝಿ, ಡಿಝಿ. ಸ್ಕ್ರ್ಯಾಬಲ್‌ನಲ್ಲಿ ಝಡ್‌ಗೆ 10 ಅಂಕ, ನಿಜ. ನನಗೆ ಬೇಕಿದ್ದದ್ದು ಪಾರ್ಟಿ, ಮನಿ, ಸ್ಟೋರಿಯಂಥ ದಿನಬಳಕೆಯ ಪದ. ಅದಕ್ಕೆ ಬೆರಳು ಸವೆಯುವಷ್ಟು ಕೆಳಗೆ ಇಳಿಯಬೇಕು.

ಪುಸ್ತಕ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, 150 ರೂಪಾಯಿಗೆ. ಜಾನ್ ವಾಕರ್ ಅವರ ಪ್ರಾಸ ನಿಘಂಟು. ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರು, ಆಮೇಲೆ ನಿಘಂಟಿಗೆ ಕೈಹಾಕಿ 1775ರಲ್ಲಿ ಇದನ್ನು ತಂದರು. ಇದರ ಮಜಾ ಏನು ಅಂದರೆ, ಪದಗಳನ್ನು ಬಾಲದಿಂದ ಜೋಡಿಸಿದ್ದಾರೆ. ಕೊನೆಯಕ್ಷರ ಮೊದಲು ನೋಡು, ಆಮೇಲೆ ಅದರ ಹಿಂದಿನದು. ಹಾಗಾಗಿ ಪ್ಲೇಟ್ ಆದಮೇಲೆ ಸ್ಲೇಟ್, ಅದರ ಕೆಳಗೆ ಲೆಜಿಸ್ಲೇಟ್, ಟ್ರಾನ್ಸ್‌ಲೇಟ್. ಐದಕ್ಷರದ್ದು, ಒಂಬತ್ತಕ್ಷರದ್ದು ಎಲ್ಲ ಒಂದೇ ಸಾಲಿನಲ್ಲಿ. ಬೆರಳಿಟ್ಟು ಎಣಿಸಬೇಕು. ಆಟ ಸೋಲುತ್ತೀರಿ, ಆದರೆ ಮಧ್ಯಾಹ್ನ ಚೆನ್ನಾಗಿ ಕಳೆಯುತ್ತದೆ.

ಪುಕ್ಕಟೆ ಪಟ್ಟಿ ಕೊಡುವ ವೆಬ್‌ಸೈಟುಗಳೂ ಇವೆ. ಜಾಹೀರಾತು ಕುಣಿಯುತ್ತದೆ, ಒತ್ತಲು ಹೋದದ್ದು ಒಂದು, ಒತ್ತಿದ್ದು ಇನ್ನೊಂದು. ಮುಗೀತು.

ಇನ್ನು ಗ್ರೆಪ್. ಯುನಿಕ್ಸ್ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಮ್ ಕಾಲದ್ದು, 1973ರಿಂದಲೂ ಇದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಉಬುಂಟು ಅನ್ನುವ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಇದೆ, ಅದರ ಜೊತೆಗೇ ಬಂದ ಪದಗಳ ಫೈಲು ಇದೆ. ಸಾಲಿಗೊಂದು ಪದ, ಸುಮಾರು ಒಂದು ಲಕ್ಷ ಸಾಲು. ಅದರಲ್ಲಿ ಹುಡುಕಲು ಗ್ರೆಪ್‌ಗೆ ಕೊಡಬೇಕಾದ ಗುರುತು ಇಷ್ಟೇ: ಟೋಪಿ ಗುರುತು (^), ನಾಲ್ಕು ಚುಕ್ಕೆ, ವೈ, ಡಾಲರ್ ಗುರುತು. ಟೋಪಿ ಅಂದರೆ ಸಾಲಿನ ಆರಂಭ, ಡಾಲರ್ ಅಂದರೆ ಅಂತ್ಯ, ಒಂದೊಂದು ಚುಕ್ಕೆಯೂ ಒಂದೊಂದು ಅಕ್ಷರ. ಎಂಟರ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ. ನೆಟ್ ಬೇಡ, ದುಡ್ಡು ಬೇಡ.

ಒಂದೇ ಒಂದು ಕಿರಿಕಿರಿ. ಅದು ನನ್ನ ಎರಡು ಸಂಜೆ ತಿಂದಿತು.

ಒಮ್ಮೆ ಕೊನೆಗೆ ಎಸ್ ಬಂತು. ಅದೇ ಆಜ್ಞೆಯಲ್ಲಿ ವೈ ತೆಗೆದು ಎಸ್ ಹಾಕಿದೆ. ಪರದೆ ತುಂಬ ಕಸ. ಸಿ-ಎ-ಟಿ, ಮೇಲೊಂದು ಕೊಕ್ಕೆ, ಎಸ್. ಡಿ-ಒ-ಜಿ, ಕೊಕ್ಕೆ, ಎಸ್. ಬೆಕ್ಕಿನ, ನಾಯಿಯ, ಬಾಬ್‌ನ! ಅಪಾಸ್ಟ್ರಫಿಯೂ ಸೇರಿ ಐದು. ಚುಕ್ಕೆಗೆ ಅಕ್ಷರ ಯಾವುದು, ಕೊಕ್ಕೆ ಯಾವುದು ಅನ್ನುವ ಭೇದವಿಲ್ಲ, ಏನು ಸಿಕ್ಕರೂ ಒಂದು ಅಂತ ಎಣಿಸುತ್ತದೆ. ನಮ್ಮ ಕರ್ಮಕ್ಕೆ ಆ ಫೈಲು ಇಂಥ ಷಷ್ಠಿ ವಿಭಕ್ತಿಯನ್ನೆಲ್ಲ ಬೇರೆ ಬೇರೆ ಸಾಲಿನಲ್ಲಿ ಇಟ್ಟಿದೆ.

ಆಮೇಲೆ ನೋಡಿದರೆ ವೈ ಪಟ್ಟಿಯಲ್ಲೂ ಎಮಿಲಿ, ಹ್ಯಾರಿ, ಇಟಲಿ ಆರಾಮಾಗಿ ಕೂತಿದ್ದರು. ಊರು-ದೇಶದ ಹೆಸರು, ಮನುಷ್ಯರ ಹೆಸರು ನಮ್ಮ ಆಟದಲ್ಲಿ ನಡೆಯುವುದಿಲ್ಲ. ಎಮಿಲಿ ಹಾಕಿ ತಂಗಿಯಿಂದ ಬೈಸಿಕೊಂಡಿದ್ದೂ ಆಯಿತು. ಪರಿಹಾರ ಸಣ್ಣದು. ಚುಕ್ಕೆಯ ಬದಲು ಚೌಕ ಕಂಸದೊಳಗೆ ಸಣ್ಣ ಎ ಇಂದ ಸಣ್ಣ ಝಡ್ ತನಕ ಅಂತ ನಾಲ್ಕು ಸಲ ಬರೆಯಬೇಕು. ಕೊಕ್ಕೆಯೂ ಹೋಯಿತು, ದೊಡ್ಡಕ್ಷರದ ಹೆಸರುಗಳೂ ಹೋದವು. ಇಷ್ಟು ಹೊಳೆಯಲು ಎರಡು ಸಂಜೆ!

ಮ್ಯಾಕ್ ಇರುವವರಿಗೆ ಒಂದು ಮಾತು. ಅದರಲ್ಲಿರುವ ಫೈಲು 1934ರ ವೆಬ್‌ಸ್ಟರ್ ನಿಘಂಟಿನಿಂದ ಬಂದದ್ದು. ಪದಗಳು ಎರಡು ಲಕ್ಷ ದಾಟುತ್ತವೆ, ಆದರೆ ಪಿಕ್ಸೆಲ್‌ನಂಥ ಹೊಸ ಪದ ಹುಡುಕಿದರೆ ಸಿಗುವುದಿಲ್ಲ.

ಸದಾ ಫೋನಿನಲ್ಲೇ ಇರುವವರು, ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ಕಂಡರೆ ಹೆದರುವವರು ಆ್ಯಪ್ ಹಾಕಿಕೊಳ್ಳಿ, ಏಳನೇ ದಿನಕ್ಕೆ ಅಲಾರಂ ಇಟ್ಟುಕೊಳ್ಳಿ. ನಾನು ಬೆಳಗ್ಗೆ ಹೇಗೂ ಲ್ಯಾಪ್‌ಟಾಪ್ ಮುಂದೆ ಕಾಫಿ ಕುಡಿಯುವವನು. ನನಗೆ ಗ್ರೆಪ್ ಸಾಕು.

ಮೊನ್ನೆ ತಂಗಿ ಹಟಕ್ಕೆ ಬಿದ್ದು ಕೊನೆಗೆ ಯು ಇರುವ ಪದ ಇಟ್ಟಳು. ಯು ಹಸಿರಾದದ್ದೇ ತಡ, ಲ್ಯಾಪ್‌ಟಾಪ್ ತೆರೆಯುವ ಮೊದಲೇ ಉತ್ತರ ಬಾಯಿಗೆ ಬಂತು. ಹೈಕು. ಅದು ಮಾತ್ರ ಕನ್ನಡದಲ್ಲೂ ಉ ಅಂತಲೇ ಮುಗಿಯುತ್ತದೆ.